ಕಾಪುವಿನ ದಾರಿಯಲ್ಲಿ ಫ್ರೆಂಚ್ ಭೂತಕಾಲ

ದಸರಾ ರಜೆಯ ಎರಡನೇ ದಿನ ಬೆಳಿಗ್ಗೆ ನಾನೂ ಮಗಳೂ ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಚೀಲದಲ್ಲಿ ಎರಡು ಕೊಡೆ, ಒಂದು ಬಾಟ್ಲಿ ನೀರು, ಒಂದು ನೋಟುಬುಕ್ಕು ಮತ್ತು ಆಗಸ್ಟ್ ತಿಂಗಳ ಕಿರುಪರೀಕ್ಷೆಯ ಫ್ರೆಂಚ್ ಉತ್ತರಪತ್ರಿಕೆ. ‘ನಿಮ್ಮ ಅಜ್ಜಿಯ ಬಾಲ್ಯ’ ಎಂಬ ಹತ್ತು ಅಂಕದ ಪ್ರಬಂಧಕ್ಕೆ ಮಗಳಿಗೆ ಸಿಕ್ಕಿದ್ದು ಮೂರು. ಕಾಗುಣಿತದ ತಪ್ಪು ಹೆಚ್ಚೇನೂ ಇರಲಿಲ್ಲ. ಪ್ರತಿ ಕ್ರಿಯಾಪದದ ಕೆಳಗೆ ಮಾತ್ರ ಕೆಂಪು ಗೆರೆ. ಕೊನೆಯಲ್ಲಿ ಉಪನ್ಯಾಸಕಿಯ ಒಂದೇ ಶಬ್ದ: ‘ಆಂಪಾರ್ಫೆ!’

ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡದ್ದು ಅವಳ ಆಸೆಯಿಂದಲ್ಲ. ಪ್ರವೇಶದ ದಿನ ಸಾಲಿನಲ್ಲಿ ನಮ್ಮ ಮುಂದಿದ್ದ ಪೋಷಕರೊಬ್ಬರು, ‘ಕನ್ನಡದಲ್ಲಿ ಬರೆದೂ ಬರೆದೂ ಕೈ ನೋಯಬೇಕು, ಫ್ರೆಂಚಿನಲ್ಲಾದರೆ ನೂರಕ್ಕೆ ನೂರು ಸಿಗ್ತದೆ’ ಎಂದರು. ಕನ್ನಡ ಮಾಧ್ಯಮದಲ್ಲಿ ಓದಿ, ಮೂವತ್ತು ವರ್ಷ ಕನ್ನಡದಲ್ಲೇ ವಿಜ್ಞಾನ ಪಾಠ ಮಾಡಿದ ನಾನು ಆ ಅರ್ಜಿಗೆ ಸಹಿ ಹಾಕಿದೆ. ಹಾಗಾಗಿ ಆ ಮೂರು ಅಂಕದಲ್ಲಿ ನನ್ನ ಪಾಲೂ ಇತ್ತು. ಅವಳ ತಾಯಿ ಟ್ಯೂಷನ್ ಹುಡುಕೋಣ ಎಂದಳು. ನಾನು, ಒಂದು ದಿನ ನನಗೆ ಕೊಡು, ಆಮೇಲೆ ನೋಡೋಣ ಎಂದೆ. ಕಾಪುವಿನಲ್ಲಿ ನನ್ನ ತಾಯಿ ಇದ್ದಾರೆ. ಅಜ್ಜಿಯ ಬಾಲ್ಯದ ಬಗ್ಗೆ ಬರೆಯುವವಳು ಅಜ್ಜಿಯನ್ನು ಒಂದು ಮಾತೂ ಕೇಳದೆ, ಗೈಡಿನಲ್ಲಿದ್ದ ಯಾವುದೋ ಫ್ರಾನ್ಸಿನ ಅಜ್ಜಿಯ ಕಥೆಯನ್ನು ಬರೆದಿದ್ದಳು. ನೇರ ಕಾಪುವಿಗೆ ಹೋದರೆ ಅರ್ಧ ಗಂಟೆಯ ದಾರಿ. ನಾವು ಸುತ್ತುಬಳಸಿ ಹೊರಟೆವು: ಮಣಿಪಾಲ, ಕಾರ್ಕಳ, ಆಮೇಲೆ ಕಾಪು.

ಮೊದಲೇ ಹೇಳಿಬಿಡುತ್ತೇನೆ, ನಾನು ಫ್ರೆಂಚ್ ಪಂಡಿತನಲ್ಲ. ಮಗಳ ಪುಸ್ತಕವನ್ನು ಆ ಒಂದೂವರೆ ತಿಂಗಳು ರಾತ್ರಿ ಕೂತು ಓದಿದ್ದೇನೆ, ಅಷ್ಟೆ. ಕನ್ನಡ ಲಿಪಿಯಲ್ಲಿ ಬರೆದ ಫ್ರೆಂಚ್ ಉಚ್ಚಾರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಸರಿಯಾಗಿ ಬರುವುದಿಲ್ಲ. ಮೂಗಿನಿಂದ ಬರುವ ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ.

ಬಸ್ಸು ಬರುವ ಮೊದಲೇ ಒಂದು ಸಣ್ಣ ಮಳೆ ಶುರುವಾಯಿತು. ಮಣಿಪಾಲದ ಬಸ್ಸು ಬಂತು. ಹತ್ತಿ ಕೂತ ಮೇಲೆ ಕೇಳಿದೆ:

‘ಈಗ ಆದದ್ದನ್ನು ಹೇಳು ನೋಡುವ.’

‘ಮಳೆ ಬರ್ತಾ ಇತ್ತು, ಬಸ್ಸು ಬಂತು.’

‘ಮಳೆ ಬಂತು, ಬಸ್ಸು ಬರ್ತಾ ಇತ್ತು ಅಂತ ಯಾಕೆ ಹೇಳ್ಲಿಲ್ಲ?’

ಅವಳು ನಕ್ಕಳು. ಹಾಗೆ ಹೇಳಿದರೆ ಬೇರೆಯೇ ಅರ್ಥವಾಗುತ್ತದೆಂದು ಹುಟ್ಟಿದಂದಿನಿಂದ ಕನ್ನಡ ಕೇಳಿದ ಯಾರಿಗೂ ಗೊತ್ತು. ಮಳೆ ಒಂದು ಗೆರೆಯ ಹಾಗೆ ಎಳೆದುಕೊಂಡಿತ್ತು. ಬಸ್ಸು ಬಂದದ್ದು ಆ ಗೆರೆಯ ಮೇಲೆ ಒಂದು ಚುಕ್ಕೆ. ಫ್ರೆಂಚಿನ ಆಡುಮಾತಿನಲ್ಲಿ ಹಿಂದೆ ನಡೆದದ್ದನ್ನು ಹೇಳಲು ಮುಖ್ಯವಾಗಿ ಇರುವುದು ಈ ಎರಡೇ. ಚುಕ್ಕೆಗೆ ‘ಪಾಸೆ ಕೊಂಪೋಜೆ’, ಗೆರೆಗೆ ‘ಆಂಪಾರ್ಫೆ’. ಆಂಪಾರ್ಫೆ ಎಂದರೆ ಅಪೂರ್ಣ, ಅಂದರೆ ಮುಗಿಯಿತೆಂದು ಹೇಳದೆ ಬಿಟ್ಟ ಭೂತಕಾಲ. ಮಳೆ ಬರುತ್ತಿತ್ತು ಎನ್ನುವುದು ‘ಇಲ್ ಪ್ಲುವೆ’. ಬಸ್ಸು ಬಂತು ಎನ್ನುವುದು ‘ಲ ಬ್ಯೂಸ್ ಎ ತಾರಿವೆ’.

ತೊಂದರೆ ಎಲ್ಲಿ ಆಗಿತ್ತೆಂದರೆ, ತರಗತಿಯಲ್ಲಿ ಫ್ರೆಂಚ್ ಕಲಿಸುವುದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನಲ್ಲಿ ‘ವೆಂಟ್’ ಎಂಬ ಒಂದೇ ಶಬ್ದ ಎರಡೂ ಕೆಲಸ ಮಾಡುತ್ತದೆ. ನಿನ್ನೆ ಶಾಲೆಗೆ ಹೋದೆ ಎನ್ನಲೂ ‘ವೆಂಟ್’, ಚಿಕ್ಕವಳಿದ್ದಾಗ ದಿನಾ ಶಾಲೆಗೆ ಹೋಗುತ್ತಿದ್ದೆ ಎನ್ನಲೂ ‘ವೆಂಟ್’. ಜೊತೆಗೆ ‘ವಾಸ್ ಗೋಯಿಂಗ್’ ಬೇರೆ, ‘ಯೂಸ್ಡ್ ಟು ಗೋ’ ಬೇರೆ. ನಾಲ್ಕು ಬಾಗಿಲಿನ ಮನೆಯಿಂದ ಎರಡು ಬಾಗಿಲಿನ ಮನೆಗೆ ಸಾಮಾನು ಸಾಗಿಸುವಾಗ ಗೊಂದಲ ಆಗುವುದೇ. ಕನ್ನಡದಲ್ಲಿ ಈ ರಗಳೆ ಇಲ್ಲ. ‘ಹೋದೆ’ ಒಂದು, ‘ಹೋಗುತ್ತಿದ್ದೆ’ ಇನ್ನೊಂದು. ಆ ಹೊತ್ತಿಗೆ ನಡೆಯುತ್ತಿದ್ದ ಕೆಲಸಕ್ಕೂ ದಿನಾ ಮಾಡುತ್ತಿದ್ದ ಅಭ್ಯಾಸಕ್ಕೂ ನಮಗೆ ‘ಹೋಗುತ್ತಿದ್ದೆ’ಯೇ ಸಾಕು. ಫ್ರೆಂಚಿನವರಿಗೂ ‘ಜಾಲೆ’ ಎಂಬ ಒಂದೇ ರೂಪ ಸಾಕು. ಅಂದ ಮೇಲೆ ಇಂಗ್ಲಿಷನ್ನು ನಡುವೆ ಕೂರಿಸುವುದು ಯಾಕೆ?

‘ಮಿಸ್ ಹಾಗೆ ಹೇಳ್ಲೇ ಇಲ್ಲ’ ಎಂದಳು ಮಗಳು.

ಅವರ ತರಗತಿಯಲ್ಲಿ ಮಲಯಾಳದವರೂ ಉತ್ತರದವರೂ ಇದ್ದಾರೆ. ಎಲ್ಲರಿಗೂ ಹೊಂದುವ ಹಾಗೆ ಇಂಗ್ಲಿಷಿನಲ್ಲಿ ಹೇಳುವುದು ಅವರಿಗೆ ಅನಿವಾರ್ಯ. ಮನೆಯಲ್ಲಿ ಹೇಳಬೇಕಾದದ್ದು ನಾವಲ್ಲವೇ?

ಬಸ್ಸು ಕಲ್ಸಂಕ ದಾಟುವಾಗ ಮಠದ ಕಡೆ ಕೈ ತೋರಿಸಿ ಇನ್ನೊಂದು ವಾಕ್ಯ ಕೊಟ್ಟೆ. ಮಧ್ವಾಚಾರ್ಯರ ಕಾಲದಿಂದ ಎಂಟು ಮಠಗಳಿಗೆ ಕೃಷ್ಣಪೂಜೆಯ ಸರದಿ ಎರಡೆರಡು ತಿಂಗಳಿಗೆ ಬದಲಾಗುತ್ತಿತ್ತು. 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಬದಲಾಯಿಸಿದರು. ‘ಮೊದಲ್ನೇದು ಗೆರೆ, ಎರಡ್ನೇದು ಚುಕ್ಕೆ’ ಎಂದಳು. ಅದರ ಬೆನ್ನಿಗೇ ಅವಳದೇ ಒಂದು: ‘ಉಡುಪಿ ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆ ಜಿಲ್ಲೆ ಆಯ್ತು.’ ಸರಿಯೇ. ನೂರಾರು ವರ್ಷ ನಡೆದ ವ್ಯವಸ್ಥೆಯಾದರೂ ಸರಿ, ಹತ್ತು ನಿಮಿಷದ ಮಳೆಯಾದರೂ ಸರಿ, ಗೆರೆ ಗೆರೆಯೇ. ಎಷ್ಟು ಉದ್ದ ಎನ್ನುವುದು ಮುಖ್ಯವಲ್ಲ, ತುದಿ ಕಾಣಿಸುತ್ತದೆಯೋ ಇಲ್ಲವೋ ಎನ್ನುವುದೇ ಮುಖ್ಯ.

ಇನ್ನು ರೂಪ ಕಟ್ಟುವ ವಿಧಾನ. ಇದನ್ನು ವಿಜ್ಞಾನದ ಸೂತ್ರದ ಹಾಗೆ ಕಲಿಯಬಹುದು, ಅದಕ್ಕೇ ನನಗೆ ಇಷ್ಟವಾಯಿತು. ವರ್ತಮಾನಕಾಲದಲ್ಲಿ ‘ನಾವು’ ಎಂಬುದರ ರೂಪ ತೆಗೆದುಕೊಳ್ಳಿ. ‘ಮಾತಾಡುತ್ತೇವೆ’ ಎನ್ನಲು ‘ನೂ ಪಾರ್ಲೊಂ’. ಅದರ ಕೊನೆಯ ‘ಓ, ಎನ್, ಎಸ್’ ಎಂಬ ಮೂರು ಅಕ್ಷರ ಕಳೆಯಿರಿ. ಉಳಿದದ್ದಕ್ಕೆ ಹೊಸ ಬಾಲ ಸೇರಿಸಿ. ನಾನು ಮತ್ತು ನೀನು ಎಂಬುದಕ್ಕೆ ‘ಎ, ಐ, ಎಸ್’. ಅವನು, ಅವಳು ಎಂಬುದಕ್ಕೆ ‘ಎ, ಐ, ಟಿ’. ನಾವು ಎಂಬುದಕ್ಕೆ ‘ಐ, ಓ, ಎನ್, ಎಸ್’. ನೀವು ಎಂಬುದಕ್ಕೆ ‘ಐ, ಇ, ಝೆಡ್’. ಅವರು ಎಂಬುದಕ್ಕೆ ‘ಎ, ಐ, ಇ, ಎನ್, ಟಿ’. ಬರೆಯುವಾಗ ಇಷ್ಟೆಲ್ಲ ಬೇರೆ ಬೇರೆ. ಬಾಯಲ್ಲಿ ಹೇಳುವಾಗ ಜು ಪಾರ್ಲೆ, ತ್ಯು ಪಾರ್ಲೆ, ಇಲ್ ಪಾರ್ಲೆ, ಬಹುವಚನದಲ್ಲೂ ಇಲ್ ಪಾರ್ಲೆ. ನಾಲ್ಕೂ ಒಂದೇ! ‘ನಾವು’ ಮಾತ್ರ ‘ಪಾರ್ಲಿಯೊಂ’, ‘ನೀವು’ ಮಾತ್ರ ‘ಪಾರ್ಲಿಯೆ’.

ಫ್ರೆಂಚ್ ಕ್ರಿಯಾಪದಗಳೆಂದರೆ ಅಪವಾದಗಳ ಸಂತೆ ಎಂಬ ಹೆಸರಿದೆ. ಈ ಕಾಲದಲ್ಲಿ ಮಾತ್ರ ನಿಜವಾದ ಅಪವಾದ ಒಂದೇ ಒಂದು. ‘ಇರು’ ಎಂಬ ಅರ್ಥದ ‘ಎತ್ರ’. ಅದರ ವರ್ತಮಾನ ‘ನೂ ಸೊಮ್’, ಕೊನೆಯಲ್ಲಿ ಕಳೆಯಬೇಕಾದ ಆ ಮೂರು ಅಕ್ಷರವೇ ಇಲ್ಲ. ಹಾಗಾಗಿ ‘ಎತ್’ ಎಂಬ ಬೇರೆ ಮೂಲ ಹಿಡಿದು ‘ಜೆತೆ’, ‘ಇಲೆತೆ’ ಎನ್ನುತ್ತಾರೆ. ಉಳಿದವೆಲ್ಲ ಸೂತ್ರಕ್ಕೆ ಬಗ್ಗುತ್ತವೆ. ಕುಡಿ ಎಂಬ ‘ಬ್ವಾರ್’ ಎಷ್ಟೇ ವಕ್ರವಾಗಿದ್ದರೂ ‘ನೂ ಬ್ಯುವೊಂ’ ಎಂದು ತಿಳಿದರೆ ‘ಜು ಬ್ಯುವೆ’ ತಾನೇ ಬರುತ್ತದೆ. ತಿನ್ನು ಎಂಬ ‘ಮಾಂಜೆ’ಯಲ್ಲಿ ಒಂದು ಸಣ್ಣ ಎಚ್ಚರ ಬೇಕು. ‘ಜಿ’ ಅಕ್ಷರದ ಮುಂದೆ ‘ಎ’ ಬಂದರೆ ಅದು ‘ಗ’ ಆಗಿಬಿಡುತ್ತದೆ. ‘ಜ’ ಆಗಿಯೇ ಉಳಿಸಲು ನಡುವೆ ಒಂದು ‘ಇ’ ಬರೆಯಬೇಕು. ಇದು ಕಾಗುಣಿತದ ವಿಷಯ, ಕಾಲದ ವಿಷಯವಲ್ಲ. ಮಳೆ ಬರುವುದು, ಬೇಕಾಗುವುದು ಎಂಬಂಥ, ಕರ್ತೃವೇ ಇಲ್ಲದ ಕ್ರಿಯೆಗಳಿಗೆ ‘ನಾವು’ ರೂಪ ಇರುವುದಿಲ್ಲ. ಅವನ್ನು ಹಾಗೇ ಬಾಯಿಪಾಠ ಮಾಡುವುದು: ‘ಇಲ್ ಪ್ಲುವೆ’, ‘ಇಲ್ ಫಾಲೆ’. ನಮ್ಮ ಊರಲ್ಲಿ ಮೊದಲನೆಯದನ್ನು ಮರೆಯುವ ಭಯವಿಲ್ಲ.

ಮಣಿಪಾಲದಲ್ಲಿ ಇಳಿದೆವು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್, ಜರ್ಮನ್ ಕಲಿಸುತ್ತಾರೆ, ಫ್ರಾನ್ಸಿನ ಹುಡುಗರೂ ಬಂದು ಹೋಗುತ್ತಾರೆ. ನಾನು ಹೋದದ್ದು ಅತ್ತ ಅಲ್ಲ, ಹಸ್ತಶಿಲ್ಪದ ಹಳೆಮನೆಗಳ ಕಡೆಗೆ. ವಿಜಯನಾಥ ಶೆಣೈಯವರು ದಶಕಗಟ್ಟಲೆ ತಿರುಗಾಡಿ, ಕೆಡವಲು ಹೊರಟ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ಮನೆಗಳು ನಿಂತಿವೆ. ಕಾಪು ಕಡೆಯದೇ ಆದ ಕುಂಜೂರು ಚೌಕಿ ಮನೆಯ ಅಂಗಳದಲ್ಲಿ ನಿಂತಾಗ, ತೋರಿಸಲು ಬಂದವರು ಹೇಳುತ್ತಿದ್ದ ಮಾತನ್ನು ಮಗಳು ಗಮನಿಸಿದಳು. ಇಲ್ಲಿ ಭತ್ತ ಒಣಗಿಸುತ್ತಿದ್ದರು, ಇಲ್ಲಿ ಹೆಂಗಸರು ಕೂರುತ್ತಿದ್ದರು, ಈ ಕಿಂಡಿಯಿಂದ ಬಂದವರನ್ನು ನೋಡುತ್ತಿದ್ದರು. ಇಡೀ ಅರ್ಧ ಗಂಟೆ ಅವರ ಬಾಯಲ್ಲಿ ‘ಬಂದರು, ಹೋದರು’ ಇಲ್ಲವೇ ಇಲ್ಲ. ಮ್ಯೂಸಿಯಮ್ಮಿನ ಭಾಷೆಯೇ ಆಂಪಾರ್ಫೆ! ನೋಟುಬುಕ್ಕಿನಲ್ಲಿ ಅವಳು ಹನ್ನೆರಡು ಕ್ರಿಯಾಪದ ಬರೆದುಕೊಂಡಳು.

ಹೊರಗೆ ಬಂದು ಕಾಫಿ ಕುಡಿಯುವಾಗ ಪಿಗ್ಮಿಯ ಕಥೆ ಹೇಳಿದೆ. ಈಗಿನ ಮಕ್ಕಳಿಗೆ ಹಣ ಎಂದರೆ ಫೋನಿನಲ್ಲಿ ಬರುವ ಶಬ್ದ. 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಹುಟ್ಟಿತು, ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಡಾ. ಟಿ.ಎಂ.ಎ. ಪೈಯವರು ಅದರ ಸ್ಥಾಪಕರಲ್ಲಿ ಒಬ್ಬರು. 1953ರಲ್ಲಿ ಈ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದವರೂ ಅವರೇ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆ ಮನೆಗೆ, ಅಂಗಡಿ ಅಂಗಡಿಗೆ ಬರುತ್ತಿದ್ದರು. ಎರಡಾಣೆಯಾದರೂ ಸರಿ, ತೆಗೆದುಕೊಳ್ಳುತ್ತಿದ್ದರು, ಕಾರ್ಡಿನಲ್ಲಿ ಬರೆಯುತ್ತಿದ್ದರು. ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಉಡುಪಿಯದೇ ಇನ್ನೊಂದು ಬ್ಯಾಂಕು, 1906ರ ಕಾರ್ಪೊರೇಶನ್ ಬ್ಯಾಂಕ್, ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ನನ್ನ ಪ್ರಾಯದವರಿಗೆ ಇದನ್ನು ‘ಇತ್ತು’ ಎಂದು ಹೇಳುವುದು ಈಗಲೂ ಸ್ವಲ್ಪ ಕಷ್ಟ.

ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ ಮುಟ್ಟುವಾಗ ಹನ್ನೊಂದೂವರೆ. ಬಿಸಿಲು ಬಂದಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ ಗೊಮ್ಮಟನ ಎದುರು ನಿಂತೆವು. ಸುಮಾರು 42 ಅಡಿಯ ಏಕಶಿಲೆ, ವೀರಪಾಂಡ್ಯ ಭೈರರಸ 1432ರ ಫೆಬ್ರವರಿ 13ರಂದು ಸ್ಥಾಪಿಸಿದ್ದು. ತಾರೀಕು ಇದ್ದರೆ ಅದು ಚುಕ್ಕೆ, ಅನುಮಾನವಿಲ್ಲ. ಹಾಗಾದರೆ ಅದರ ಸುತ್ತಲಿನದು? ಆಗ ಇಲ್ಲಿ ಭೈರರಸರು ಆಳುತ್ತಿದ್ದರು, ಜೈನಧರ್ಮ ಪ್ರಬಲವಾಗಿತ್ತು, ಶಿಲ್ಪಿಗಳು ಕೆಲಸ ಮಾಡುತ್ತಿದ್ದರು. ನಾಟಕದಲ್ಲಿ ಹಿಂದಿನ ಪರದೆ ಇದ್ದ ಹಾಗೆ. ಪರದೆಗೆ ಆಂಪಾರ್ಫೆ, ಪಾತ್ರ ರಂಗಕ್ಕೆ ಬಂದರೆ ಪಾಸೆ ಕೊಂಪೋಜೆ.

ಇಲ್ಲಿ ಒಂದು ಕಡೆ ಕನ್ನಡದವರು ಎಡವುತ್ತಾರೆ. ‘-ಉತ್ತಿದ್ದ’ ಕಂಡರೆ ಆಂಪಾರ್ಫೆ ಎಂಬ ಸೂತ್ರ ಹೇಳಿಕೊಟ್ಟಿದ್ದೆನಲ್ಲ, ಮಗಳು ಕೇಳಿದಳು: ‘ಪ್ರಬಲವಾಗಿತ್ತು ಅನ್ನೋದ್ರಲ್ಲಿ -ಉತ್ತಿ- ಎಲ್ಲಿದೆ ಅಪ್ಪ?’ ಇಲ್ಲ. ಇದ್ದ, ಇತ್ತು, ಗೊತ್ತಿತ್ತು, ಬೇಕಿತ್ತು, ಎತ್ತರವಾಗಿತ್ತು ಇವೆಲ್ಲ ಕೆಲಸಗಳಲ್ಲ, ಸ್ಥಿತಿಗಳು. ಸ್ಥಿತಿಗೆ ತುದಿ ಇರುವುದಿಲ್ಲ, ಹಾಗಾಗಿ ಫ್ರೆಂಚಿನಲ್ಲಿ ಅವೂ ಸಾಮಾನ್ಯವಾಗಿ ಆಂಪಾರ್ಫೆಯೇ. ಇದನ್ನು ಹೇಗೆ ನೆನಪಿಟ್ಟುಕೊಳ್ಳುವುದೆಂದು ಯೋಚಿಸುತ್ತಾ ಬಂಡೆಯ ಮೇಲೆ ಕೂತೆವು. ಕೊನೆಗೆ ಸಿಕ್ಕಿದ್ದು ಅಜ್ಜಿಕಥೆ. ಒಂದೂರಲ್ಲಿ ಒಬ್ಬ ರಾಜ ಇದ್ದ. ಅವನಿಗೆ ಮಕ್ಕಳಿರಲಿಲ್ಲ. ದಿನಾ ದೇವರಿಗೆ ಕೈಮುಗಿಯುತ್ತಿದ್ದ. ಇಲ್ಲಿಯವರೆಗೆ ಎಲ್ಲ ಆಂಪಾರ್ಫೆ. ಫ್ರಾನ್ಸಿನ ಕಥೆಗಳೂ ‘ಇಲೆತೆ ತ್ಯೂನ್ ಫ್ವಾ’ ಎಂದೇ ಶುರುವಾಗುತ್ತವೆ, ಅದೇ ‘ಇದ್ದ’. ಆಮೇಲೆ ಅಜ್ಜಿ ಸ್ವರ ಬದಲಿಸಿ ‘ಒಂದು ದಿನ’ ಎನ್ನುತ್ತಾಳಲ್ಲ, ಅಲ್ಲಿಂದ ಚುಕ್ಕೆಗಳು. ಒಂದು ದಿನ ಒಬ್ಬ ಸನ್ಯಾಸಿ ಬಂದ. ಕೇಳಿದ. ಕೊಟ್ಟ. ಹೋದ. ಪ್ರಬಂಧ ಬರೆಯುವಾಗ ಯಾವ ರೂಪ ಎಂದು ಸಂಶಯ ಬಂದರೆ, ಈ ವಾಕ್ಯ ‘ಒಂದು ದಿನ’ಕ್ಕಿಂತ ಮೊದಲಿನದೋ ಆಮೇಲಿನದೋ ಎಂದು ಕೇಳಿಕೊಂಡರೆ ಬಹಳ ಮಟ್ಟಿಗೆ ಸಾಕಾಗುತ್ತದೆ.

ಇಳಿದು ಎದುರಿನ ಚತುರ್ಮುಖ ಬಸದಿಗೆ ಹೋದೆವು. 1586ರದ್ದು, ಇಮ್ಮಡಿ ಭೈರರಸ ಕಟ್ಟಿಸಿದ್ದು. ಬಾಗಿಲು ನಾಲ್ಕು, ಯಾವ ದಿಕ್ಕಿನಿಂದ ಬಂದರೂ ಒಂದೇ ರೂಪ. ಒಂದು ಸುತ್ತು ಬಂದು ಮಗಳು ಹೇಳಿದಳು: ‘ಪಾರ್ಲೆ, ಪಾರ್ಲೆ, ಪಾರ್ಲೆ, ಪಾರ್ಲೆ.’ ನನಗೆ ಹೊಳೆದಿರಲಿಲ್ಲ! ಇಂಥವು ಮಕ್ಕಳಿಗೆ ತಾವೇ ಹೊಳೆದರೆ ಮತ್ತೆ ಮರೆಯುವುದಿಲ್ಲ. ಕಂಬಗಳ ನೆರಳಿನಲ್ಲಿ ಹತ್ತು ಕ್ರಿಯಾಪದಗಳನ್ನು ಅವಳೇ ಕಟ್ಟಿದಳು. ಒಂಬತ್ತು ಸರಿ. ತಪ್ಪಿದ್ದು ‘ಓದು, ಕಲಿ’ ಎಂಬ ‘ಎತ್ಯುದಿಯೆ’. ಅದರ ‘ನಾವು’ ರೂಪದಲ್ಲಿ ಎರಡು ‘ಐ’ ಒಟ್ಟಿಗೆ ಬರುತ್ತವೆ, ಬರೆಯುವಾಗ ಕೈ ಒಂದನ್ನು ನುಂಗಿಬಿಡುತ್ತದೆ.

ಊಟ ಮಾಡಿ ಬಸ್ ನಿಲ್ದಾಣಕ್ಕೆ ಬಂದಾಗ ಒಬ್ಬ ಹುಡುಗ ಹತ್ತಿರ ಬಂದ. ‘ಸಾರ್, ಒಂದು ಕೇಳ್ಬೇಕಿತ್ತು. ಪಡುಬಿದ್ರಿ ಬಸ್ಸು ಇಲ್ಲೇ ನಿಲ್ತದಾ?’ ನಾವೂ ಅದಕ್ಕೇ ಕಾಯುತ್ತಿದ್ದೇವೆ ಎಂದೆ. ಅವನು ಅತ್ತ ಸರಿದ ಮೇಲೆ ಮಗಳು ನನ್ನ ತೋಳು ಜಗ್ಗಿದಳು. ‘ಅಪ್ಪ, ಕೇಳ್ಬೇಕಿತ್ತು ಅಂದ. ಕೇಳ್ಬೇಕು ಅನ್ಲಿಲ್ಲ. ಈಗ ತಾನೇ ಕೇಳ್ತಾ ಇರೋದು?’

ಅವಳ ಪುಸ್ತಕದಲ್ಲಿ ‘ಜು ವೂಲೆ ವೂ ದಮಾಂದೆ’ ಎಂಬ ವಾಕ್ಯವಿತ್ತು. ನಿಮ್ಮನ್ನು ಕೇಳಬೇಕೆಂದಿದ್ದೆ ಎಂದು ಅರ್ಥ, ಕೇಳುತ್ತಿರುವುದು ಈಗಲೇ. ಭೂತಕಾಲಕ್ಕೆ ಸರಿಸಿದರೆ ಮಾತು ಮೆದುವಾಗುತ್ತದೆ, ಎದುರಿನವರ ಮೇಲೆ ಭಾರ ಬೀಳುವುದಿಲ್ಲ. ಇದನ್ನು ವಿಶೇಷ ಪ್ರಯೋಗವೆಂದು ಪೆಟ್ಟಿಗೆಯೊಳಗೆ ಅಚ್ಚು ಮಾಡಿದ್ದರು, ಮಗಳು ಅದನ್ನು ಅರ್ಥವಾಗದೆ ಉರುಹೊಡೆದಿದ್ದಳು. ನಮ್ಮೂರಿನ ಹುಡುಗನೊಬ್ಬ ಬಸ್ಸಿನ ಬಗ್ಗೆ ವಿಚಾರಿಸುವಾಗ ಅದನ್ನೇ ಮಾಡುತ್ತಾನೆ. ಪಕ್ಕದ ಇನ್ನೊಂದು ಪೆಟ್ಟಿಗೆಯಲ್ಲಿದ್ದದ್ದು, ‘ಸಮುದ್ರಕ್ಕೆ ಹೋದರೆ ಹೇಗೆ?’ ಎಂದು ಸಲಹೆ ಕೊಡುವಾಗ ‘ಸಿ’ ಎಂಬ ಶಬ್ದದ ಜೊತೆ ಆಂಪಾರ್ಫೆ ಬರುತ್ತದೆ ಎಂಬುದು. ನಾವೂ ‘ಹೋದರೆ’ ಎನ್ನುತ್ತೇವೆ. ಆ ‘ಹೋದ’ ಕೂಡಾ ಭೂತಕಾಲದ ರೂಪವೇ. ಇನ್ನೂ ಹೋಗಿಯೇ ಇಲ್ಲ! ಅಂಕಕ್ಕಾಗಿ ಕನ್ನಡ ಬಿಡಿಸಿದ ನನಗೆ ಆ ನಿಲ್ದಾಣದಲ್ಲಿ ಒಂದು ರೀತಿ ಮುಜುಗರವಾಯಿತು. ಬಿಟ್ಟದ್ದೇ ಈಗ ಬೇಕಾಗಿತ್ತು. ಫ್ರೆಂಚ್ ತೆಗೆದುಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ, ಅದು ಚಂದದ ಭಾಷೆ. ಆದರೆ ಮನೆಯ ಮಾತಿನಲ್ಲಿ ಯೋಚಿಸುವುದನ್ನು ನಿಲ್ಲಿಸಿದ ಮಕ್ಕಳು ಹೊಸ ಭಾಷೆಯನ್ನು ಯಾವುದರ ಮೇಲೆ ನಿಲ್ಲಿಸಬೇಕು?

ಬೆಳ್ಮಣ್ ದಾರಿಯಾಗಿ ಪಡುಬಿದ್ರಿಗೆ, ಅಲ್ಲಿ ಇಳಿದು ಹೆದ್ದಾರಿಯ ಬಸ್ಸು ಹಿಡಿದು ಕಾಪುವಿಗೆ. ಈ ಹೆದ್ದಾರಿ ನಾನು ಹುಡುಗನಾಗಿದ್ದಾಗ 17 ಆಗಿತ್ತು, ಈಗ 66.

ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಕಣ್ಣು ಮಂಜು. ನಿನ್ನೆ ಯಾರು ಬಂದಿದ್ದರೆಂದು ಮರೆಯುತ್ತಾರೆ, ಎಪ್ಪತ್ತು ವರ್ಷದ ಹಿಂದಿನದು ಮರೆಯುವುದಿಲ್ಲ. ನಾನು ಮಗಳಿಗೆ ಮೊದಲೇ ಹೇಳಿದ್ದೆ, ನಾನು ನಡುವೆ ಬಾಯಿ ಹಾಕುವುದಿಲ್ಲ, ನೀನೇ ಕೇಳು ಎಂದು.

‘ಅಜ್ಜಿ, ನೀವು ಸಣ್ಣದಿರುವಾಗ ಏನು ಮಾಡ್ತಿದ್ರಿ?’

ಪ್ರಶ್ನೆಯಲ್ಲೇ ಆಂಪಾರ್ಫೆ ಇತ್ತು, ಉತ್ತರವೂ ಹಾಗೇ ಬಂತು. ತುಳುವಿನಲ್ಲಿ, ಒಂದು ಗಂಟೆ. ‘ಎಂಕುಲು ಪೋವೊಂದಿತ್ತ’, ನಾವು ಹೋಗುತ್ತಿದ್ದೆವು. ಗದ್ದೆಯ ಹುಣಿಯ ಮೇಲೆ ಶಾಲೆಗೆ ಹೋಗುತ್ತಿದ್ದೆವು. ಚಪ್ಪಲಿ ಇರಲಿಲ್ಲ. ಮಳೆಗೆ ಗೊರಬೆ ಹಾಕಿಕೊಳ್ಳುತ್ತಿದ್ದೆವು, ಗಾಳಿ ಬಂದರೆ ಗೊರಬೆಯೇ ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಆಟಿಯಲ್ಲಿ ಅಕ್ಕಿ ಮುಗಿಯುತ್ತಿತ್ತು, ತಜಂಕಿನ ಸೊಪ್ಪು, ಹಲಸಿನ ಬೀಜ, ಕಣಿಲೆ ತಿನ್ನುತ್ತಿದ್ದೆವು. ಚಿಮಿಣಿ ದೀಪ ಒಂದೇ ಇತ್ತು, ಅದನ್ನು ಅಡಿಗೆಕೋಣೆಗೆ ಒಯ್ದರೆ ನಮ್ಮ ಓದು ನಿಲ್ಲುತ್ತಿತ್ತು. ಮಗಳು ಒಂದೊಂದೇ ಕ್ರಿಯಾಪದವನ್ನು ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದಳು. ಅವಳು ಕನ್ನಡದಲ್ಲಿ ಅಷ್ಟು ಬರೆದದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ರಂಪಣಿಯ ಮಾತು ಬಂದಾಗ ಅಜ್ಜಿ ನೆಟ್ಟಗೆ ಕೂತರು. ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಬಲೆ. ದೋಣಿಯಲ್ಲಿ ಬಲೆ ಬಿಟ್ಟು ಸುತ್ತುಹಾಕಿ ಬರುತ್ತಿದ್ದರು. ಎರಡು ಬದಿಯಲ್ಲೂ ಹತ್ತಾರು ಜನ ಹಗ್ಗ ಹಿಡಿದು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ರಾಶಿ ಬೀಳುತ್ತಿತ್ತು. ಎಳೆಯಲು ಕೈ ಕೊಟ್ಟವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಅವು ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿ ಹಿಡಿದವು, ದಡದ ರಂಪಣಿ ನಿಂತಿತು. ಮಗಳ ಪುಸ್ತಕದಲ್ಲಿ ‘ಬಂದವು, ನಿಂತಿತು’ ಎಂಬುದರ ಕೆಳಗೆ ಎರಡು ಚುಕ್ಕೆ ಇವೆ.

‘ಶಾಲೆ ಯಾವಾಗ ಬಿಟ್ರಿ ಅಜ್ಜಿ?’

‘ಐದು ವರ್ಷ ಹೋದೆ. ತಮ್ಮ ಹುಟ್ಟಿದ. ಮಗುವನ್ನು ನೋಡ್ಲಿಕ್ಕೆ ಜನ ಬೇಕಲ್ಲ ಮಗಾ, ಬಿಡಿಸಿದ್ರು.’

ಅಷ್ಟು ಹೇಳಿ ಅಜ್ಜಿ ಚಹಾ ಮಾಡಲು ಎದ್ದರು.

ಸಂಜೆ ದೀಪಸ್ತಂಭಕ್ಕೆ ಹೋದೆವು. ಸಮುದ್ರದ ಅಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ್ದು, ಎತ್ತರ 27 ಮೀಟರ್. ಮೇಲೆ ನಿಂತಾಗ ಗಾಳಿಗೆ ನೋಟುಬುಕ್ಕಿನ ಹಾಳೆ ಹಾರುತ್ತಿತ್ತು. ದೀಪಸ್ತಂಭದ ವಿಷಯದಲ್ಲಿ ಫ್ರೆಂಚರಿಗೆ ಒಂದು ನಮಸ್ಕಾರ ಸಲ್ಲಬೇಕು. ದಪ್ಪ ಮಸೂರದ ಬದಲು ಗಾಜಿನ ಬಳೆಗಳನ್ನು ಜೋಡಿಸಿ, ಕಡಿಮೆ ತೂಕದಲ್ಲಿ ಬೆಳಕನ್ನು ದೂರ ಕಳಿಸುವ ಉಪಾಯ ಹೂಡಿದವನು ಆಗಸ್ಟಿನ್ ಫ್ರೆನೆಲ್. ಅವನ ಮಸೂರ 1823ರಲ್ಲಿ ಫ್ರಾನ್ಸಿನ ಕೊರ್ದುವಾಂ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಆಮೇಲೆ ಲೋಕದ ದೀಪಸ್ತಂಭಗಳೆಲ್ಲ ಆ ದಾರಿ ಹಿಡಿದವು.

ಇಲ್ಲಿಂದ ಉತ್ತರಕ್ಕೆ ಮಲ್ಪೆಯ ಎದುರು ಸೈಂಟ್ ಮೇರೀಸ್ ದ್ವೀಪಗಳಿವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅಲ್ಲಿಯ ಕಂಬ ಕಂಬದಂಥ ಬಂಡೆ ತೋರಿಸುತ್ತೇನೆ. ಸುಮಾರು ಒಂಬತ್ತು ಕೋಟಿ ವರ್ಷ ಹಿಂದೆ ಭಾರತವೂ ಮಡಗಾಸ್ಕರೂ ಸೀಳಿ ಬೇರೆಯಾದ ಕಾಲದ ಲಾವಾ ಅದು. ಸೀಳುವ ಮೊದಲು ನಮ್ಮ ಈ ಕರಾವಳಿ ಮಡಗಾಸ್ಕರಿನ ಪೂರ್ವ ದಡಕ್ಕೆ ಅಂಟಿಕೊಂಡಿತ್ತು. 1960ರವರೆಗೆ ಫ್ರೆಂಚರ ವಸಾಹತಾಗಿದ್ದ ಆ ದೇಶದಲ್ಲಿ ಈಗಲೂ ಫ್ರೆಂಚ್ ನಡೆಯುತ್ತದೆ. ಅದರ ಪೂರ್ವ ದಡದ ಪಕ್ಕದಲ್ಲೂ ಒಂದು ದ್ವೀಪವಿದೆ, ಹೆಸರು ಇಲ್ ಸೈಂತ್ ಮರಿ, ಅಂದರೆ ಸೈಂಟ್ ಮೇರಿ ದ್ವೀಪ! ಹೆಸರು ಕಾಕತಾಳೀಯ, ಬಂಡೆಯ ನಂಟು ನಿಜ. ‘ಒಟ್ಟಿಗೆ ಇದ್ದವು’ ಎಂದು ಫ್ರೆಂಚಿನಲ್ಲಿ ಹೇಳು ಎಂದೆ. ‘ಎತೆ’ ಎಂದಳು, ಕೊನೆಯಲ್ಲಿ ‘ಎ, ಐ, ಇ, ಎನ್, ಟಿ’ ಎಂದು ಅಕ್ಷರವನ್ನೂ ಹೇಳಿದಳು. ಬೇರೆಯಾದವು? ಅದಕ್ಕೆ ಪಾಸೆ ಕೊಂಪೋಜೆ. ಸೀಳಲು ಲಕ್ಷಾಂತರ ವರ್ಷ ಹಿಡಿದಿದ್ದರೂ ವ್ಯಾಕರಣದಲ್ಲಿ ಅದು ಚುಕ್ಕೆಯೇ.

ರಜೆ ಮುಗಿದ ಮೇಲೆ ಮಧ್ಯವಾರ್ಷಿಕ ಪರೀಕ್ಷೆ. ಪ್ರಬಂಧ ‘ಹಿಂದಿನ ಕಾಲದ ಜೀವನ’. ಮಗಳು ಗೊರಬೆಯನ್ನೂ ರಂಪಣಿಯನ್ನೂ ಹಾಕಿ ಬರೆದಳು. ಹತ್ತಕ್ಕೆ ಎಂಟು ಬಂತು. ಬಲೆಯ ಭಾಗದ ಪಕ್ಕದಲ್ಲಿ ಉಪನ್ಯಾಸಕಿ ‘ತ್ರೆ ಬಿಯಾಂ’ ಎಂದು ಬರೆದಿದ್ದರು. ಕೆಂಪು ಗೆರೆ ಬಿದ್ದದ್ದು ಒಂದೇ ಕಡೆ: ಅಜ್ಜಿ ಐದು ವರ್ಷ ಶಾಲೆಗೆ ಹೋಗುತ್ತಿದ್ದರು, ‘ಎಲ್ ಆಲೆ’.

ನನಗೆ ಸಿಟ್ಟು ಬಂತು. ಐದು ವರ್ಷ ದಿನಾ ಹೋದದ್ದು ಗೆರೆಯಲ್ಲದೆ ಮತ್ತೇನು? ‘ಐದು ವರ್ಷ ಹೋಗುತ್ತಿದ್ದರು’ ಎಂದು ಕನ್ನಡದಲ್ಲಿ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಮಗಳನ್ನು ಕೇಳಿ ಬರಲು ಕಳಿಸಿದೆ. ಉಪನ್ಯಾಸಕಿ ಹೇಳಿದ್ದು ಇಷ್ಟು: ಇಷ್ಟು ವರ್ಷ ಎಂದು ಲೆಕ್ಕ ಕೊಟ್ಟಿರಾದರೆ ಅದಕ್ಕೆ ಎರಡೂ ತುದಿ ಬಂತು, ಮುಗಿಯಿತು ಎಂದಾಯಿತು, ಅಲ್ಲಿ ಫ್ರೆಂಚರು ಆಂಪಾರ್ಫೆ ಬಳಸುವುದಿಲ್ಲ. ನನ್ನ ಸೂತ್ರ ಅಲ್ಲಿ ಸೋತಿತು. ಅಜ್ಜಿ ಮಾತ್ರ ಅಂದೇ ಸರಿಯಾಗಿ ಹೇಳಿದ್ದರು, ನಾವಿಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಗಳು ಗೆರೆಯ ಕೆಳಗೆ ತಿದ್ದಿ ಬರೆದಳು. ‘ಎಲ್ ಎ ತಾಲೆ ಆ ಲೆಕೋಲ್ ಪಾಂದಾಂ ಸ್ಯಾಂಕ್ ಆಂ.’ ಐದು ವರ್ಷ ಶಾಲೆಗೆ ಹೋದರು.